ಮೊಟ್ಟೆಯ ಬಣ್ಣ ಬಿಡಿ, ತಾರೀಕು ನೋಡಿ

ಶಿವಮೊಗ್ಗದ ವಿನೋಬನಗರದಲ್ಲಿ ನಾವು ದಿನಸಿ ತರುವ ಅಂಗಡಿಯಲ್ಲಿ ಮೂರು ಥರ ಮೊಟ್ಟೆ ಸಿಗುತ್ತವೆ. ಬಿಳಿ ಫಾರಂ ಮೊಟ್ಟೆ, ಡಬ್ಬಿಯಲ್ಲಿ ಬರುವ ಕಂದು ಮೊಟ್ಟೆ, ಬುಟ್ಟಿಯಲ್ಲಿಟ್ಟ ನಾಟಿ ಮೊಟ್ಟೆ. ಮೂರನ್ನೂ ತಂದು ಒಂದೇ ಕಾವಲಿಯಲ್ಲಿ ಹಾಫ್ ಬಾಯಿಲ್ ಮಾಡಿದೆ. ಉಪ್ಪು, ಕಾಳುಮೆಣಸಿನ ಪುಡಿ, ಅಷ್ಟೇ.

ನನ್ನ ನಾಲಿಗೆಗೆ ನಾಟಿಯೇ ಮೇಲು. ಒಡೆದು ಹಾಕಿದಾಗ ಬಿಳಿ ಭಾಗ ಹರಡದೆ ಒಂದೇ ಕಡೆ ನಿಂತಿತು, ಹಳದಿ ಗುಂಡಗೆ ಉಬ್ಬಿತ್ತು. ತಾಜಾ ಮೊಟ್ಟೆಯ ಗುರುತೇ ಅದು. ತಿಂದರೆ ಬೆಣ್ಣೆಯಂಥ ಹದ.

ಕಂದು ಮೊಟ್ಟೆಗೆ ಜಾಸ್ತಿ ದುಡ್ಡು ಸುಮ್ನೆ ದಂಡ. ಚಿಪ್ಪಿನ ಬಣ್ಣ ಕೋಳಿಯ ತಳಿಯಿಂದ ಬರುವುದು, ರುಚಿಗೂ ಅದಕ್ಕೂ ಸಂಬಂಧವಿಲ್ಲ. ಹಳದಿಯ ಬಣ್ಣವನ್ನೂ ನಂಬಬೇಡಿ. ಮೇವಿಗೆ ಮೆಕ್ಕೆಜೋಳ, ಚೆಂಡುಹೂವಿನ ಪುಡಿ ಸೇರಿಸಿದರೆ ಫಾರಂ ಮೊಟ್ಟೆಯೂ ಕೇಸರಿಗೆ ತಿರುಗುತ್ತದೆ. ಇಲ್ಲಿನ ಕಂದು ಡಬ್ಬಿಯ ಪ್ಯಾಕಿಂಗ್ ತಾರೀಕು ಸುಮಾರು ಮೂರು ವಾರ ಹಳೆಯದು. ಒಡೆದರೆ ಬಿಳಿ ನೀರಿನ ಹಾಗೆ ಹರಿಯಿತು. ಅದನ್ನು ಮುಂದಿನ ಸಾಲಿನಲ್ಲೇ ಇಟ್ಟಿದ್ದರು, ಜಾಣರು ಅಲ್ವಾ?

ನಾಟಿ ಮೊಟ್ಟೆಗೆ ತಾರೀಕು ಇರುವುದಿಲ್ಲ. ಮನೆಗೆ ತಂದು ನೀರಿಗೆ ಹಾಕಿ. ತಳದಲ್ಲಿ ಅಡ್ಡ ಮಲಗಿದರೆ ತಾಜಾ, ನೆಟ್ಟಗೆ ನಿಂತರೆ ಹಳೆಯದು, ತೇಲಿದರೆ ಬೇಡ. ಮಳೆಗಾಲದಲ್ಲಿ ರಟ್ಟಿನ ಟ್ರೇ ಮೆತ್ತಗಾಗಿದ್ದರೆ, ಬೂಷ್ಟು ಹಿಡಿದಿದ್ದರೆ ಅದರ ಮೊಟ್ಟೆ ಮುಟ್ಟಲೇಬೇಡಿ. ನಮ್ಮ ಮಲೆನಾಡಿನ ಥಂಡಿ ಏನನ್ನೂ ಬಿಡುವುದಿಲ್ಲ.

ಮೊಟ್ಟೆ ಸಾರಿಗಾದರೆ ಬಿಳಿ ಫಾರಂ ಮೊಟ್ಟೆ ಸಾಕು. ಮಸಾಲೆಯ ಮುಂದೆ ವ್ಯತ್ಯಾಸ ಗೊತ್ತಾಗುವುದಿಲ್ಲ. ನಾಲ್ಕೈದು ದಿನ ಹಳೆಯದಾದರೆ ಸಿಪ್ಪೆಯೂ ಸಲೀಸಾಗಿ ಬಿಡುತ್ತದೆ.