ಉದ್ದದ ಪ್ಯಾಡಲ್, ಅಗಲದ ಪ್ಯಾಡಲ್: ಆರು ವಾರ ಆಡಿ ನೋಡಿದೆ

ಪಿಕಲ್‌ಬಾಲ್ ಅಂದರೆ ಹಲಗೆಯಂಥ ಬ್ಯಾಟಿನಿಂದ, ಅಂದರೆ ಪ್ಯಾಡಲ್ಲಿನಿಂದ, ತೂತಿನ ಪ್ಲಾಸ್ಟಿಕ್ ಚೆಂಡು ಹೊಡೆಯುವ ಆಟ. ಮೊದಲೇ ಹೇಳಿಬಿಡುತ್ತೇನೆ, ಅದಕ್ಕೆ ನನಗೆ ಇಷ್ಟವಾಗಿದ್ದು ಹಳೆಯ ಅಗಲದ ಪ್ಯಾಡಲ್ಲೇ. ಅದು 4,200 ರೂಪಾಯಿಗೆ ಬಂದಿತ್ತು. ಹೊಸದಾಗಿ ತಂದ ಉದ್ದದ್ದಕ್ಕೆ 9,500 ಕೊಟ್ಟೆ. ಆ ದುಡ್ಡಿನ ಬಗ್ಗೆ ಇನ್ನೂ ಬೇಜಾರಿದೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವು ಬೆಳಗಾವಿಯ ಟಿಳಕವಾಡಿಯಲ್ಲಿ ಬೆಳಿಗ್ಗೆ ಆರಕ್ಕೆ ಆಡುತ್ತೇವೆ. ಕೋರ್ಟ್ ಮೂಲದಲ್ಲಿ ಬ್ಯಾಡ್ಮಿಂಟನ್‌ದು. ಪಿಕಲ್‌ಬಾಲ್‌ಗೂ ಬ್ಯಾಡ್ಮಿಂಟನ್ ಡಬಲ್ಸ್‌ಗೂ ಅಳತೆ ಒಂದೇ, 44 ಅಡಿ ಉದ್ದ, 20 ಅಡಿ ಅಗಲ. ನೆಟ್ ನಡುವೆ 34 ಇಂಚಿಗೆ ಇಳಿಸಿ, ಅಲ್ಲಿಂದ 7 ಅಡಿಗೆ ಕಿಚನ್ ಗೆರೆಯ ಟೇಪ್ ಹಚ್ಚಿದರೆ ಆಟ ಶುರು. ಕಿಚನ್ ಅಂದರೆ ನೆಟ್ ಹತ್ತಿರದ ಜಾಗ, ಅದರೊಳಗೆ ನಿಂತು ಪುಟಿಯದ ಚೆಂಡು ಹೊಡೆಯುವಂತಿಲ್ಲ. ನಾನೂ ಹದಿನೈದು ವರ್ಷ ಬ್ಯಾಡ್ಮಿಂಟನ್ ಆಡಿ ಈ ಕಡೆ ಬಂದವನು. ಏನೇ ಹೊಡೆದರೂ ಮಣಿಕಟ್ಟಿನಿಂದಲೇ ಹೊಡೆಯುವ ರೂಢಿ. ಮುಂದೆ ಹೇಳುವುದನ್ನೆಲ್ಲ ಇದನ್ನು ನೆನಪಿಟ್ಟುಕೊಂಡೇ ಓದಿ.

ಅಂಗಡಿಯವರು ಉದ್ದದ್ದನ್ನು ತೋರಿಸಿ, "ಸರ, ಇದನ್ನ ತಗೋರಿ, ಪವರ್ ಜಾಸ್ತಿ ಐತ್ರಿ" ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಹಿಂದಿನ ಗೆರೆಯಿಂದ ಡ್ರೈವ್ ಹೊಡೆದರೆ ಚೆಂಡು ಗುಂಡಿನ ಹಾಗೆ ಹೋಗುತ್ತದೆ. ಮಳೆಗಾಲದ ಗಾಳಿಗೆ ಎದುರಾಗಿ ಸರ್ವ್ ಮಾಡಿದರೂ ಆಳಕ್ಕೆ ಬೀಳುತ್ತದೆ. ದೂರದ ಚೆಂಡಿಗೆ ಅರ್ಧ ಇಂಚು ಹೆಚ್ಚು ಎಟಕುತ್ತದೆ. ಇಷ್ಟರಲ್ಲಿ ಉದ್ದದ್ದೇ ಮುಂದೆ, ಒಪ್ಪುತ್ತೇನೆ.

ಸ್ಪಿನ್ ಎರಡರಲ್ಲೂ ಸಮ. ಎರಡರದೂ ಒರಟು ಕಾರ್ಬನ್ ಮೈ. ಕೆಂಪು ಧೂಳು ತುಂಬಿಕೊಂಡರೆ ಎರಡೂ ಜಾರುತ್ತವೆ, ರಬ್ಬರಿನಿಂದ ಉಜ್ಜಿದರೆ ಸರಿಹೋಗುತ್ತವೆ.

ತೊಂದರೆ ಇದ್ದದ್ದು ಕಿಚನ್ ಗೆರೆಯ ಹತ್ತಿರ. ಎದುರಿನವರು ಎದೆಗೆ ಗುರಿಯಿಟ್ಟು ಜೋರಾಗಿ ಹೊಡೆದಾಗ ಪ್ಯಾಡಲ್ ಅಡ್ಡ ಹಿಡಿಯಲಷ್ಟೇ ಹೊತ್ತು ಸಿಗುತ್ತದೆ, ನಡುವಿಗೇ ಚೆಂಡು ತಗುಲಿಸಲು ಆಗುವುದಿಲ್ಲ. ಅಂಚಿನ ಹತ್ತಿರ ತಗುಲಿದರೆ ಉದ್ದದ ಪ್ಯಾಡಲ್ ಕೈಯಲ್ಲೇ ತಿರುಗಿಬಿಡುತ್ತದೆ. ಚೆಂಡು ನೆಟ್ಟಿಗೆ ಹೋಗುತ್ತದೆ, ಇಲ್ಲಾ ಮೇಲೆದ್ದು ಅವರ ಸ್ಮ್ಯಾಶ್‌ಗೆ ಸಿಗುತ್ತದೆ. ಜೂನ್, ಜುಲೈನಲ್ಲಿ ಇಲ್ಲಿ ಗಾಳಿಯೇ ಹಸಿ. ಅಂಗೈ ಒಣಗುವುದೇ ಇಲ್ಲ. ಆಗ ಇನ್ನೂ ಜಾಸ್ತಿ ತಿರುಗುತ್ತದೆ.

ಯಾಕೆ ಹೀಗೆ ಅಂತ ಸ್ಕೇಲ್ ಹಿಡಿದು ನೋಡಿದೆ. ನಿಯಮದ ಪ್ರಕಾರ ಪ್ಯಾಡಲ್ಲಿನ ಉದ್ದ, ಅಗಲ ಸೇರಿ 24 ಇಂಚು ಮೀರಬಾರದು. ಹಳೆಯದು 16ಕ್ಕೆ 8. ಹೊಸದು ಹದಿನಾರೂವರೆಗೆ ಏಳೂವರೆ. ಉದ್ದಕ್ಕೆ ಕೊಟ್ಟ ಅರ್ಧ ಇಂಚನ್ನು ಅಗಲದಿಂದಲೇ ಕಿತ್ತುಕೊಂಡಿದ್ದಾರೆ. ಅಗಲವಿದ್ದರೆ ತೂಕ ಹಿಡಿಕೆಯ ನೇರದಿಂದ ಎರಡೂ ಬದಿಗೆ ದೂರ ಹರಡುತ್ತದೆ, ಸುಲಭಕ್ಕೆ ತಿರುಗುವುದಿಲ್ಲ. ಒಳಗಿನ ಜೇನುಗೂಡಿನಂಥ ತಿರುಳೂ ಬೇರೆ. ಹಳೆಯದರದು 16 ಮಿಲಿಮೀಟರ್ ದಪ್ಪ, ಹೊಸದರದು 14. ತೆಳುವಾದಷ್ಟೂ ಚೆಂಡು ಬೇಗ ಚಿಮ್ಮುತ್ತದೆ. ಡಿಂಕ್ ಮಾಡುವಾಗ, ಅಂದರೆ ಚೆಂಡನ್ನು ಮೆತ್ತಗೆ ಆಚೆ ಕಿಚನ್ನಿಗೆ ಇಳಿಸುವಾಗ, ಅದು ಬೇಡ, ಅಲ್ವಾ?

ಸುಮ್ನೆ ಬಿಡಲಿಲ್ಲ. ಬಿಗಿಯಾಗಿ ಹಿಡಿದು ಆಡಿದೆ, ಡಿಂಕ್ ಎಲ್ಲ ಎತ್ತರಕ್ಕೆ ಹೋದವು. ಮೇಲೊಂದು ಗ್ರಿಪ್ ಸುತ್ತಿದೆ, ಹಿಡಿಕೆ ದಪ್ಪವಾಗಿ ಮಣಿಕಟ್ಟು ಆಡುವುದೇ ಕಷ್ಟವಾಯಿತು. ಕೊನೆಗೆ ಎರಡೂ ಬದಿಯ ಅಂಚಿಗೆ ಮೂರು ಮೂರು ಗ್ರಾಂ ಸೀಸದ ಟೇಪ್ ಅಂಟಿಸಿದೆ. ತೂಕಕ್ಕೆ ನಿಯಮದಲ್ಲಿ ಮಿತಿ ಇಲ್ಲ. ತಿರುಗುವುದು ನಿಜವಾಗಿಯೂ ಕಡಿಮೆಯಾಯಿತು. ಎರಡು ದಿನ ಬಹಳ ಖುಷಿಯಲ್ಲಿದ್ದೆ. ಆದರೆ 232 ಗ್ರಾಂ ಇದ್ದದ್ದು 238 ಆಯಿತು. ಉದ್ದದ ಪ್ಯಾಡಲ್ಲಿನಲ್ಲಿ ತಲೆಯ ಕಡೆ ಮೊದಲೇ ಭಾರ. ನೂರು ಗ್ರಾಂ ಕೂಡ ತೂಗದ ಬ್ಯಾಡ್ಮಿಂಟನ್ ಬ್ಯಾಟ್ ಹಿಡಿದ ಕೈ ಇದು. ಐದನೇ ದಿನ ಮೊಣಕೈ ಹೊರಬದಿಯಲ್ಲಿ ನೋವು ಶುರುವಾಯಿತು. ಹಲ್ಲುಜ್ಜುವಾಗಲೂ ಚುಳುಕ್ ಅನ್ನುತ್ತಿತ್ತು. ಟೇಪ್ ಕಿತ್ತು ಹಾಕಿ, ಒಂದು ವಾರ ಆಟ ಬಿಟ್ಟೆ.

ವಾರದ ನಂತರ ಹಳೆಯದನ್ನು ಹಿಡಿದು ಹೋದೆ. ಮೊದಲ ಗೇಮ್ 11–6ಕ್ಕೆ ಗೆದ್ದೆವು. ಗೆಲುವಿಗಿಂತ ಸಮಾಧಾನ ಕೊಟ್ಟಿದ್ದು ಬೇರೆ. ಅಂಚಿಗೆ ತಗುಲಿದ ಚೆಂಡೂ ಮೆತ್ತಗೆ ಆಚೆ ಕಿಚನ್ನಿನಲ್ಲೇ ಬೀಳುತ್ತಿತ್ತು. ಕೈ ಸಡಿಲ ಬಿಟ್ಟು ಆಡಬಹುದಿತ್ತು. ಫೋರ್‌ಹ್ಯಾಂಡ್, ಬ್ಯಾಕ್‌ಹ್ಯಾಂಡ್ ಬದಲಿಸುವುದು ಬ್ಯಾಡ್ಮಿಂಟನ್‌ನಷ್ಟೇ ಸಲೀಸು ಅನಿಸಿತು.

ಹಾಗಂತ ಉದ್ದದ್ದು ಕೆಟ್ಟ ಪ್ಯಾಡಲ್ ಅಲ್ಲ. ನಮ್ಮ ಗುಂಪಿನಲ್ಲಿ ಒಬ್ಬ ಕಾಕಾ ಇದ್ದಾರೆ, ಟೆನಿಸ್ ಆಡಿ ಬಂದವರು. ಬ್ಯಾಕ್‌ಹ್ಯಾಂಡ್ ಎರಡೂ ಕೈಯಿಂದ ಹೊಡೆಯುತ್ತಾರೆ. ಇದರ ಹಿಡಿಕೆ ಐದೂವರೆ ಇಂಚು, ಅವರ ಎರಡೂ ಕೈ ಆರಾಮಾಗಿ ಕೂರುತ್ತವೆ. ನನ್ನ ಪಾಡು ನೋಡಿ ಅವರೇ ಅಂದರು: "ತಮ್ಮಾ, ನೀ ಮಣಿಕಟ್ಟಿಲೆ ಆಡ್ತಿ. ಇದು ಭುಜದಿಂದ ಆಡೋರ ಬ್ಯಾಟ್ ಐತಿ. ಕೊಡು, ನಾಕ ದಿನ ಆಡಿ ನೋಡ್ತೀನಿ." ನಾಲ್ಕನೇ ದಿನ ಅವರ ಡ್ರೈವ್ ತಡೆಯಲು ನಮಗೆ ಆಗುತ್ತಿರಲಿಲ್ಲ.

ನೀವು ಟೆನಿಸ್‌ನಿಂದ ಬಂದವರಾದರೆ, ಸಿಂಗಲ್ಸ್ ಜಾಸ್ತಿ ಆಡುವವರಾದರೆ ಉದ್ದದ್ದು ನೋಡಿ. ಬ್ಯಾಡ್ಮಿಂಟನ್ ಕೈಯಾದರೆ, ಐದು ಸಾವಿರದೊಳಗೆ 16 ಮಿಲಿಮೀಟರಿನ ಅಗಲದ್ದು ಸಾಕು. ಅಂಗಡಿಯಲ್ಲಿ ಚೆಂಡು ಪುಟಿಸಿ ನೋಡಿ ಕೊಳ್ಳಬೇಡಿ, ನಾನು ಮಾಡಿದ್ದು ಅದೇ ತಪ್ಪು. ಯಾರದ್ದಾದರೂ ಎರಡು ಗೇಮ್‌ಗೆ ಕೇಳಿ ಪಡೆದು, ಕಿಚನ್ ಹತ್ತಿರ ನಿಂತು, ಎದುರಿನವರಿಗೆ ಮೈಮೇಲೆ ಜೋರಾಗಿ ಹೊಡೆಯಲು ಹೇಳಿ.

ಉದ್ದದ್ದನ್ನು ಕಾಕಾ 6,000 ಕೊಟ್ಟು ತೆಗೆದುಕೊಂಡರು. ಆ ದುಡ್ಡಿನಲ್ಲಿ ನನ್ನ ಹಳೆಯದಕ್ಕೆ ಹೊಸ ಗ್ರಿಪ್, 40 ತೂತಿನ ಒಂದು ಡಜನ್ ಚೆಂಡು ತಂದಿದ್ದೇನೆ.