ಭಾಷಣಕ್ಕೆ ಮುಂಚೆ ದನಿ ಹದಗೊಳಿಸಲು ನನ್ನ ಆಯ್ಕೆ ಸ್ಟ್ರಾ

ವೇದಿಕೆ ಹತ್ತುವ ಮುಂಚೆ ದನಿ ಹದ ಮಾಡಿಕೊಳ್ಳಲು ನಾಲ್ಕು ದಾರಿಗಳನ್ನು ಮಾಡಿ ನೋಡಿದ್ದೇನೆ: ಬಾಯಿ ಮುಚ್ಚಿ ಗುನುಗುವುದು, ತುಟಿಗಳನ್ನು ‘ಬ್ರ್‌ರ್’ ಎಂದು ಅದುರಿಸುವುದು, ಸ್ಟ್ರಾದೊಳಗೆ ದನಿ ಹೊರಡಿಸುವುದು, ನಾಲಿಗೆ ತೊಡರುವ ಸಾಲುಗಳನ್ನು ಹೇಳುವುದು. ಒಂದನ್ನೇ ಉಳಿಸಿಕೊಳ್ಳಬೇಕೆಂದರೆ ನಾನು ಸ್ಟ್ರಾ ಹಿಡಿಯುತ್ತೇನೆ.

ಸ್ಟ್ರಾವನ್ನು ತುಟಿಗಳಲ್ಲಿ ಭದ್ರವಾಗಿ ಹಿಡಿದು, ಪಕ್ಕದಿಂದಾಗಲಿ ಮೂಗಿನಿಂದಾಗಲಿ ಗಾಳಿ ಸೋರದಂತೆ ‘ಊ’ ಎನ್ನಬೇಕು. ಕಿರಿದಾದ ಕೊಳವೆಯಲ್ಲಿ ಗಾಳಿ ಸಲೀಸಾಗಿ ಹೋಗದೆ ಬಾಯೊಳಗೆ ಒತ್ತಡ ನಿಲ್ಲುತ್ತದೆ. ಆ ಒತ್ತಡ ಧ್ವನಿತಂತುಗಳನ್ನು ತುಸು ಬಿಡಿಸಿ ಹಿಡಿಯುವುದರಿಂದ ಅವು ಜೋರಾಗಿ ಬಡಿದುಕೊಳ್ಳದೆ ಅದುರುತ್ತವೆ. ಮಾತಾಡುವಾಗ ಈ ತಂತುಗಳು ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸರಲ್ಲಿ ಸುಮಾರು 200 ಸಲ ಕಂಪಿಸುತ್ತವೆ. ಒಂದು ಗಂಟೆಯ ಭಾಷಣವೆಂದರೆ ಲಕ್ಷಗಟ್ಟಲೆ ತಾಡನ! ಅದಕ್ಕೆ ಅಣಿಗೊಳಿಸುವ ಕೆಲಸ ಮೆದುವಾಗಿಯೇ ಇರಬೇಕು. ಅಮೆರಿಕದ ಧ್ವನಿವಿಜ್ಞಾನಿ ಇಂಗೊ ಟಿಟ್ಸೆ ಈ ಅಭ್ಯಾಸವನ್ನು ಜನಪ್ರಿಯಗೊಳಿಸಿದವರಲ್ಲಿ ಪ್ರಮುಖರು. ದನಿಯನ್ನು ಕೆಳಗಿನಿಂದ ಮೇಲಕ್ಕೆ, ಮೇಲಿನಿಂದ ಕೆಳಕ್ಕೆ ಜಾರಿಸುತ್ತಾ ಮೂರ್ನಾಲ್ಕು ನಿಮಿಷ ಮಾಡಿದರೆ ನನ್ನ ಮೊದಲ ವಾಕ್ಯವೇ ತಿಳಿಯಾಗಿ ಬರುತ್ತದೆ. ಕೊನೆಯ ಹೊತ್ತಿಗೂ ಗಂಟಲು ಕಟ್ಟುವುದಿಲ್ಲ. ಸ್ಟ್ರಾದ ತುದಿಯನ್ನು ಲೋಟದ ನೀರಿನಲ್ಲಿ ಎರಡು ಸೆಂಟಿಮೀಟರಿನಷ್ಟು ಅದ್ದಿದರೆ ಇನ್ನೂ ಒಳ್ಳೆಯದು. ಗುಳ್ಳೆಗಳು ಒಂದೇ ಸಮನೆ ಏಳುತ್ತಿದ್ದರೆ ಉಸಿರೂ ಸಮವಾಗಿದೆ ಎಂದರ್ಥ. ಆಳಕ್ಕೆ ಅದ್ದಿದರೆ ಮಾತ್ರ ತಳ್ಳಬೇಕಾಗಿ ಬಂದು ಕುತ್ತಿಗೆ ಬಿಗಿಯುತ್ತದೆ.

ತುಟಿ ಅದುರಿಸುವುದರ ಹಿಂದೆಯೂ ಇದೇ ತತ್ವವಿದೆ, ಜೊತೆಗೆ ಯಾವ ಸಾಮಗ್ರಿಯೂ ಬೇಡ. ಉಸಿರು ಸೊರಗಿದ ಕೂಡಲೇ ತುಟಿ ನಿಂತುಬಿಡುವುದರಿಂದ ಮೋಸಕ್ಕೆ ಎಡೆಯಿಲ್ಲ. ಆದರೆ ಅಳುಕಿನಿಂದ ಬಾಯಿ ಒಣಗಿದಾಗ ತುಟಿಗಳು ಸೆಟೆದುಕೊಂಡು ಅದುರುವುದೇ ಇಲ್ಲ. ಕೆನ್ನೆಗಳನ್ನು ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿದರೆ ಸ್ವಲ್ಪ ಅನುಕೂಲ. ಸ್ಟ್ರಾಕ್ಕೆ ಈ ತೊಡಕಿಲ್ಲ.

ಗುನುಗುವುದು ಎಲ್ಲಕ್ಕಿಂತ ಸೌಮ್ಯ. ಮೂಗು, ತುಟಿಯ ಬಳಿ ಕಂಪನ ಗೊತ್ತಾಗುತ್ತದೆ. ನನಗೆ ಅದೊಂದೇ ಸಾಲದು.

ನಾಲಿಗೆ ತೊಡರುವ ಸಾಲುಗಳನ್ನು ಇವುಗಳ ಜೊತೆ ಸ್ಪರ್ಧೆಗೆ ನಿಲ್ಲಿಸುವುದೇ ಸರಿಯಲ್ಲ. ಅವು ಪಳಗಿಸುವುದು ನಾಲಿಗೆ, ತುಟಿ, ದವಡೆಗಳನ್ನು, ಧ್ವನಿತಂತುಗಳನ್ನಲ್ಲ. ಹದವಾಗದ ಗಂಟಲಿನಲ್ಲಿ ಜೋರಾಗಿ ಒದರಿದರೆ ದನಿ ಗೊಗ್ಗರಾಗುತ್ತದೆ. ಕೊನೆಗೆ, ಮೆಲುದನಿಯಲ್ಲಿ ಹೇಳಿಕೊಂಡರೆ ಲಕಾರ-ಳಕಾರ, ಮಹಾಪ್ರಾಣಗಳು ಸ್ಪಷ್ಟವಾಗುತ್ತವೆ. ಸಿದ್ಧ ಸಾಲುಗಳಿಗಿಂತ ನಿಮ್ಮ ಭಾಷಣದಲ್ಲೇ ಇರುವ ಕಷ್ಟದ ಹೆಸರುಗಳನ್ನು, ಅಂಕಿಗಳನ್ನು ಹೀಗೆ ಉರುಹೊಡೆಯುವುದು ಹೆಚ್ಚು ಉಪಯೋಗ.

ಬಿಸಿನೀರನ್ನು ನಾನು ಈ ಪಟ್ಟಿಗೆ ಸೇರಿಸಿಲ್ಲ. ಕುಡಿದ ನೀರು ಅನ್ನನಾಳಕ್ಕೆ ಇಳಿಯುತ್ತದೆ, ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ಗಂಟಲಿಗೆ ಹಾಯೆನಿಸುವುದು ನಿಜ, ಆದರೆ ಮೈಯ ತೇವಕ್ಕಾಗಿ ಕುಡಿಯುವುದಾದರೆ ಗಂಟೆಗಳ ಮೊದಲಿನಿಂದಲೇ ಕುಡಿಯುತ್ತಿರಬೇಕು. ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವುದನ್ನಂತೂ ಬಿಟ್ಟೇಬಿಡಿ. ಉಗುಳು ನುಂಗುವುದು ಮೇಲು.

ವೇದಿಕೆಯ ಮೇಲೆ ಬಹಳ ಹೊತ್ತು ಕೂತು ಸರದಿ ಕಾಯಬೇಕಾದಾಗ ಸ್ಟ್ರಾ ತೆಗೆಯಲಾಗದು. ಆಗ ಗುನುಗುವುದೇ ಗತಿ: ಹಿಂದಿನವರ ಮಾತಿಗೆ ಚಪ್ಪಾಳೆ ಬೀಳುತ್ತಿರುವಾಗ ಬಾಯಿ ಮುಚ್ಚಿಕೊಂಡೇ ಒಂದೆರಡು ಉಸಿರು ಗುನುಗಿಬಿಟ್ಟರೆ ಪಕ್ಕದಲ್ಲಿ ಕೂತವರಿಗೂ ಕೇಳಿಸುವುದಿಲ್ಲ.