ವಿಲ್‌ಗೆ ಸ್ಟಾಂಪ್ ಡ್ಯೂಟಿ ಅಂತ 12,500 ಕೊಟ್ಟೆ, ನೀವು ಕೊಡಬೇಡಿ

ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ನಮ್ಮವರು ದಯವಿಟ್ಟು ಓದಿ. ಹಿರಿಯರ ಮನೆಗೇ ಬಂದು ವಿಲ್ ಮಾಡಿಕೊಡುತ್ತೇನೆ ಅನ್ನುವ ಒಬ್ಬನಿಗೆ 28,000 ರೂಪಾಯಿ ಕೊಟ್ಟು ಕೂತಿದ್ದೇನೆ. ಹೇಳಿಕೊಳ್ಳಲು ನಾಚಿಕೆ. ಬ್ಯಾಂಕಿನಲ್ಲಿ 31 ವರ್ಷ ಬೇರೆಯವರ ಸಹಿ ತಾಳೆ ನೋಡಿದವನು ನಾನು. ಮಗನಿಗೆ ಇನ್ನೂ ಪೂರ್ತಿ ಹೇಳಿಲ್ಲ.

ತಾಳಮದ್ದಳೆ ಮುಗಿದು ಎಲ್ಲರೂ ಚಹಾ ಕುಡಿಯುವಾಗ ಸಿಕ್ಕಿದವನು. ಮೊದಲು ಕೇಳಿದ್ದೇ ಊರು. ಕುಂದಾಪುರದ ಕಡೆ ಎಂದೆ. ತಾನು ಕಾರ್ಕಳದವನು ಎಂದ. ಮುಂಬಯಿಯಲ್ಲಿ ನಮಗೆ ಇಷ್ಟೇ ಸಾಕಲ್ವಾ, ಆಧಾರ್ ಕಾರ್ಡೂ ಬೇಡ. ಮರಾಠಿಯಲ್ಲಿ ವಿಲ್‌ಗೆ ಮೃತ್ಯುಪತ್ರ ಅನ್ನುತ್ತಾರೆ. ಆ ಹೆಸರು ಕೇಳಿದರೆ ನನ್ನ ಹೆಂಡತಿ ಎದ್ದು ಒಳಗೆ ಹೋಗುತ್ತಾಳೆ. ಇವನು 'ವಿಲ್ ಪ್ಯಾಕೇಜ್' ಎಂದ. ಅವಳಿಗೆ ಕಾಶಿ ಟೂರ್ ಪ್ಯಾಕೇಜಿನ ಹಾಗೆ ಕೇಳಿಸಿತೋ ಏನೋ, ಒಪ್ಪಿದಳು.

ನಮ್ಮದೇನು ದೊಡ್ಡ ಆಸ್ತಿ? ಒಂದು ಬೆಡ್‌ರೂಮಿನ ಫ್ಲಾಟ್, ಸ್ವಲ್ಪ ಎಫ್‌ಡಿ, ಊರಲ್ಲಿ ಪಾಲಿಗೆ ಬಂದ 12 ಸೆಂಟ್ಸ್ ಜಾಗ. ಲೆಕ್ಕ ಹೀಗಿತ್ತು: ಬರೆಯುವುದಕ್ಕೆ 9,000, ಸರ್ಕಾರಕ್ಕೆ ಕಟ್ಟುವ ಸ್ಟಾಂಪ್ ಡ್ಯೂಟಿ ಅಂತ 12,500, ಸಾಕ್ಷಿಗಳಿಗೆ 3,000, ಅವರ ಲಾಕರಿನಲ್ಲಿ ಇಡುವುದಕ್ಕೆ ವರ್ಷಕ್ಕೆ 3,500. ರಸೀದಿ ಕೊಟ್ಟದ್ದು 9,000ಕ್ಕೆ ಮಾತ್ರ. ಆಗಲೇ ಕಣ್ಣು ತೆರೆಯಬೇಕಿತ್ತು. ತೆರೆಯಲಿಲ್ಲ.

ನೋಂದಣಿ ಆಗದ ವಿಲ್ ರದ್ದಿಗೆ ಸಮ ಎಂದು ಹೆದರಿಸಿದ್ದ. 'ನೀವು ಆಫೀಸಿಗೆ ಬರುವುದೇ ಬೇಡ ಅಂಕಲ್, ಮೊಣಕಾಲು ನೋವು ಅಂತೀರಿ, ಎಲ್ಲ ನಾನೇ ಮಾಡಿಸುತ್ತೇನೆ.' ಊಟದ ಟೇಬಲ್ ಮೇಲೆ, ಉಪ್ಪಿನಕಾಯಿ ಭರಣಿ ಸರಿಸಿ, ಏಳು ಪುಟಕ್ಕೂ ಸಹಿ ಹಾಕಿದೆ. ಇಂಗ್ಲಿಷ್ ಪುಟಗಳು. ಸುಮ್ನೆ ಹಾಕಿದೆ. ಎದುರಿಗೆ ಇದ್ದದ್ದು ಅವನೊಬ್ಬನೇ. ಒಂದು ವಾರದ ಮೇಲೆ ಜೆರಾಕ್ಸ್ ಬಂತು. ಮೂಲ ಪ್ರತಿ 'ಸೇಫ್ ಕಸ್ಟಡಿ'ಯಲ್ಲಂತೆ.

ಪಕ್ಕದ ಮನೆಯವರು ನೋಂದಣಿ ನಂಬರ್ ಎಷ್ಟು ಅಂತ ಕೇಳದಿದ್ದರೆ ಇವತ್ತಿಗೂ ಗೊತ್ತಾಗುತ್ತಿರಲಿಲ್ಲ. ಜೆರಾಕ್ಸಿನಲ್ಲಿ ನಂಬರ್ ಇಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋದೆ. ಕೌಂಟರಿನ ಹೆಂಗಸು ಕನ್ನಡಕ ಮೂಗಿನ ತುದಿಗೆ ಇಳಿಸಿ ಹಾಳೆ ತಿರುಗಿಸಿ ತಿರುಗಿಸಿ ನೋಡಿದಳು. ಮೇಲಿನ ಪುಟಕ್ಕೆ ಪಿನ್ ಮಾಡಿದ್ದ ಲೆಕ್ಕದ ಚೀಟಿಯನ್ನೂ ಓದಿದಳು. 'ಕಾಕಾ, ಮೃತ್ಯುಪತ್ರಾಲಾ ಸ್ಟಾಂಪ್ ಡ್ಯೂಟಿ ನಸ್ತೇ.' ವಿಲ್‌ಗೆ ಸ್ಟಾಂಪ್ ಡ್ಯೂಟಿಯೇ ಇಲ್ಲ! ನೋಂದಣಿಗಾದರೆ ಬರೆದವರೇ ಬರಬೇಕು, ಫೋಟೊ, ಹೆಬ್ಬೆಟ್ಟು ಕೊಡಬೇಕು, ನೀವು ಯಾವಾಗ ಬಂದಿದ್ದಿರಿ ಅಂತ ಕೇಳಿದಳು. ಹಿಂದೆ ಸಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. 12,500! ಮೂವತ್ತೊಂದು ವರ್ಷ ಬ್ಯಾಂಕು!

ಹೊರಗೆ ಮೆಟ್ಟಿಲ ಮೇಲೆ ಕೂತು ಮೊದಲ ಸಲ ಪೂರ್ತಿ ಓದಿದೆ. ಸಾಕ್ಷಿಗಳು ಇಬ್ಬರು, ಪನ್ವೇಲ್ ವಿಳಾಸ, ನಾನು ಜನ್ಮದಲ್ಲಿ ಕಾಣದವರು. ಅವರ ಸಹಿಯ ತಾರೀಖು ನನ್ನದಕ್ಕಿಂತ ಎರಡು ದಿನ ಆಮೇಲೆ. 1925ರ ಉತ್ತರಾಧಿಕಾರ ಕಾಯ್ದೆಯ ಸೆಕ್ಷನ್ 63 ಏನು ಹೇಳುತ್ತದೆ ಅಂದರೆ, ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ನಾವು ಸಹಿ ಹಾಕುವುದನ್ನು ಅವರು ನೋಡಿರಬೇಕು, ಇಲ್ಲವೇ ಇದು ನನ್ನ ಸಹಿ ಅಂತ ನಮ್ಮ ಬಾಯಲ್ಲೇ ಕೇಳಿರಬೇಕು. ಆಮೇಲೆ ನಮ್ಮೆದುರೇ ಅವರು ಸಹಿ ಹಾಕಬೇಕು. ನಾಳೆ ಕೋರ್ಟಿನಲ್ಲಿ ಯಾರಾದರೂ ತಕರಾರು ತೆಗೆದರೆ ಈ ಏಳು ಪುಟ ವಡಾಪಾವ್ ಕಟ್ಟಲಿಕ್ಕೇ ಸರಿ. ಇನ್ನೂ ಒಂದಿದೆ. ಐದನೇ ಪುಟದಲ್ಲಿ ನನ್ನ ವಿಲ್ ಜಾರಿ ಮಾಡುವ ಎಕ್ಸಿಕ್ಯೂಟರ್ ಅವನೇ, ಅದಕ್ಕೆ ಒಟ್ಟು ಆಸ್ತಿಯ ಎರಡು ಪರ್ಸೆಂಟ್ ಅವನಿಗೆ! ನನ್ನ ಮಕ್ಕಳ ಜೊತೆ ಅವನೂ ಒಬ್ಬ ಪಾಲುದಾರ.

ಫೋನ್ ಎತ್ತಲಿಲ್ಲ. ಮೆಸೇಜಿಗೆ ಉತ್ತರ ಬಂತು. 'ಸ್ಟಾಂಪ್ ಅಂದರೆ ನಮ್ಮ ಆಫೀಸ್ ಸ್ಟಾಂಪ್ ಚಾರ್ಜ್ ಅಂಕಲ್, ನೀವು ತಪ್ಪು ತಿಳಿದಿರಿ.' ನಾನು ತಪ್ಪು ತಿಳಿದೆನಂತೆ! ಆ ಇಬ್ಬರು ಸಾಕ್ಷಿಗಳ ಬಗ್ಗೆ ಕೇಳಿದ್ದಕ್ಕೆ, 'ನಿಮ್ಮ ಫೋಟೊ ಅವರಿಗೆ ತೋರಿಸಿದ್ದೇನೆ.' ಮೂಲ ಪ್ರತಿ ವಾಪಸ್ ಕೊಡು ಎಂದೆ. 'ಲಾಕರ್ ತೆರೆಯುವ ಚಾರ್ಜ್ 1,500 ಆಗುತ್ತದೆ.' ಕೊನೆಗೆ ಕೈ ಮುಗಿಯುವ ಚಿತ್ರ ಹಾಕಿ, 'ಈ ವಯಸ್ಸಿಗೆ ಇಷ್ಟು ಟೆನ್ಷನ್ ಒಳ್ಳೆಯದಲ್ಲ.' ಸಿಟ್ಟು ಬಂದದ್ದು ದುಡ್ಡಿಗಲ್ಲ, ಈ ಮಾತಿಗೆ.

ಮೂಲ ಪ್ರತಿ ಅವನ ಹತ್ತಿರವೇ ಇರಲಿ, ಉಪ್ಪು ಹಾಕಿ ಇಟ್ಟುಕೊಳ್ಳಲಿ. ಹೊಸ ವಿಲ್ ಬರೆದು ಹಳೆಯದನ್ನು ರದ್ದು ಮಾಡಿದ್ದೇನೆ ಅಂತ ಅದರಲ್ಲೇ ಸೇರಿಸಿದೆ. ಬಿಳಿ ಹಾಳೆ, ನನ್ನದೇ ಕೈಬರಹ, ಕನ್ನಡದಲ್ಲಿ. ನೋಂದಣಿ ಕಡ್ಡಾಯವೇ ಅಲ್ಲ. ಬೇಕಿದ್ದವರು ಮಾಡಿಸಿ, ಕನ್ನಡದ್ದಾದರೆ ಜೊತೆಗೆ ಅನುವಾದ ಕೇಳುತ್ತಾರೆ. ನಮ್ಮ ಫ್ಯಾಮಿಲಿ ಡಾಕ್ಟರು, ಸೊಸೈಟಿ ಸೆಕ್ರೆಟರಿ, ಇಬ್ಬರೂ ಎದುರಿಗೆ ಕೂತು ಸಹಿ ಹಾಕಿದರು. ಖರ್ಚು ಎರಡು ಕಪ್ ಚಹಾ, ಒಂದು ಪ್ಲೇಟ್ ಬಿಸ್ಕೂಟ್ ರೊಟ್ಟಿ. ಆಸ್ತಿ ತೊಡಕಿನದಾದರೆ ವಕೀಲರ ಹತ್ತಿರ ಹೋಗಿ. ಊರು ಯಾವುದು ಅಂತ ಮೊದಲು ಕೇಳುವವರ ಹತ್ತಿರ ಬೇಡ.

ಪೊಲೀಸ್ ದೂರು ಕೊಡಿ ಅಂತೀರಿ, ಗೊತ್ತು. ಅದಕ್ಕೆ ಮೊದಲು ಮಗನಿಗೆ ಹೇಳಬೇಕು. ನಿನ್ನೆ ಆ ವಿಲ್ ಪ್ಯಾಕೇಜಿನವನಿಂದ ಮತ್ತೆ ಮೆಸೇಜ್ ಬಂತು: 'ಅಂಕಲ್, ಲಾಕರ್ ರಿನ್ಯೂವಲ್ ಹತ್ತಿರ ಬಂತು, 3,500. ಆಂಟಿಯದ್ದೂ ವಿಲ್ ಮಾಡಿಸಿದರೆ ಡಿಸ್ಕೌಂಟ್ ಇದೆ.'